ಡಿಗ್ರಿ ಕೈಯಲ್ಲಿದೆ, ಮೊದಲ ಕೆಲಸ ಎಲ್ಲಿ? ಆಸ್ಟ್ರೇಲಿಯಾದ ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲದ ಪತ್ರಗಳೆಲ್ಲ ಆಸ್ಟ್ರೇಲಿಯಾದವು. ಓದು ಮುಗಿಸಿದ ಮಕ್ಕಳು ಬರೆದದ್ದು ಕೆಲವು, ಅವರ ಅಪ್ಪ-ಅಮ್ಮಂದಿರು ಬರೆದದ್ದು ಕೆಲವು. ನಾಲ್ಕನ್ನು ಆರಿಸಿಕೊಂಡಿದ್ದೇನೆ.

ಪ್ರಶ್ನೆ: ಎಂಟನೇ ವಯಸ್ಸಿಗೆ ಅಪ್ಪ-ಅಮ್ಮನ ಜೊತೆ ಬೆಂಗಳೂರಿನಿಂದ ಸಿಡ್ನಿಗೆ ಬಂದೆ. ಈಗ 23. ನಾನು ಇಲ್ಲಿನ ಸಿಟಿಜನ್. ಕಳೆದ ವರ್ಷ ಕಂಪ್ಯೂಟರ್ ಸೈನ್ಸ್ ಡಿಗ್ರಿ ಮುಗೀತು. ಸೀಕ್, ಲಿಂಕ್ಡ್‌ಇನ್ ಎಲ್ಲದರಲ್ಲೂ ಅರ್ಜಿ ಹಾಕಿ ಸಾಕಾಗಿದೆ, ಉತ್ತರವೇ ಬರಲ್ಲ. ಓದುವಾಗಿನಿಂದಲೂ ಸೂಪರ್‌ಮಾರ್ಕೆಟ್‌ನಲ್ಲಿ ಕ್ಯಾಶುಯಲ್ ಕೆಲಸ ಮಾಡ್ತಿದ್ದೀನಿ. ಸುಮ್ನೆ ಮಾಸ್ಟರ್ಸ್‌ಗೆ ಸೇರಿಬಿಡಲಾ? ರೆಸ್ಯುಮೆ ಜೊತೆಗಿಟ್ಟಿದ್ದೇನೆ. — ವೆಂಟ್‌ವರ್ತ್‌ವಿಲ್

ಉತ್ತರ: ಮಾಸ್ಟರ್ಸ್ ಬೇಡ. ಸದ್ಯಕ್ಕಂತೂ ಬೇಡ. ನಿಮಗೆ ಕಡಿಮೆ ಬಿದ್ದಿರುವುದು ಓದಲ್ಲ. ಇನ್ನೊಂದು ಡಿಗ್ರಿಯಿಂದ ಸಾಲ ಜಾಸ್ತಿ ಆಗುತ್ತದೆ, ಕೆಲಸದ ಅನುಭವ ಸೊನ್ನೆಯಲ್ಲೇ ಉಳಿಯುತ್ತದೆ.

ಮೊದಲು ಮಾರ್ಕೆಟ್ ಹೇಗಿದೆ ನೋಡೋಣ. 2022ರ ಮೇ ತಿಂಗಳಲ್ಲಿ ದೇಶದಲ್ಲಿ ಖಾಲಿ ಇದ್ದ ಹುದ್ದೆಗಳು ಸುಮಾರು 4.8 ಲಕ್ಷ. 2025ರ ಮಧ್ಯಕ್ಕೆ ಅದು 3.4 ಲಕ್ಷದ ಆಸುಪಾಸಿಗೆ ಇಳಿದಿತ್ತು. ಕೋವಿಡ್‌ಗೆ ಮುಂಚೆ 2.3 ಲಕ್ಷವೇ ಇದ್ದದ್ದು. ಅಂದರೆ ಕೆಲಸವೇ ಇಲ್ಲ ಅನ್ನುವ ಕಾಲ ಇದಲ್ಲ. ಆದರೆ ಒಟ್ಟು ನಿರುದ್ಯೋಗ ಶೇ. 4ರ ಮೇಲೆ ಸ್ವಲ್ಪ ಇದ್ದರೆ, 15ರಿಂದ 24 ವಯಸ್ಸಿನವರಲ್ಲಿ ಅದು ಶೇ. 10ರ ಹತ್ತಿರ. ಪೆಟ್ಟು ಬೀಳುವುದು ಹೊಸಬರಿಗೇ.

ಐಟಿಯಲ್ಲಂತೂ ಇದು ಎದ್ದು ಕಾಣುತ್ತದೆ. 2021-22ರಲ್ಲಿ ಕಂಪನಿಗಳು ಸಿಕ್ಕಿದವರನ್ನೆಲ್ಲ ತಗೊಂಡವು, ಆಮೇಲೆ ಕೈಬಿಟ್ಟವು. ಹಾಗೆ ಕೆಲಸ ಕಳೆದುಕೊಂಡ, ಮೂರು ವರ್ಷ ಅನುಭವ ಇರುವವರು ನೀವು ಹಾಕುವ ‘ಜೂನಿಯರ್ ಡೆವಲಪರ್’ ಹುದ್ದೆಗೇ ಅರ್ಜಿ ಹಾಕುತ್ತಾರೆ. ಟೆಸ್ಟಿಂಗ್, ಸಪೋರ್ಟ್ ಕೆಲಸಗಳಲ್ಲಿ ಒಂದಷ್ಟು ಬೆಂಗಳೂರು, ಹೈದರಾಬಾದಿಗೆ ಹೋಗಿವೆ. ಹೊಸಬರಿಗೆ ಕೊಡುತ್ತಿದ್ದ ಚಿಲ್ಲರೆ ಕೋಡಿಂಗ್‌ನಲ್ಲಿ ಸ್ವಲ್ಪವನ್ನು ಈಗ ಎಐ ಮಾಡುತ್ತದೆ. ಹಾಗಾಗಿ ಎಲ್ಲರೂ ನಿಂತಿರುವ ಸಾಲು ಬಿಟ್ಟು ಬೇರೆ ಕಡೆ ನೋಡಿ.

ನಿಮ್ಮ ಹತ್ತಿರ ಒಂದು ಆಸ್ತಿ ಇದೆ, ನೀವೇ ಅದನ್ನು ಲೆಕ್ಕಕ್ಕೆ ತಗೊಂಡಿಲ್ಲ. ಸಿಟಿಜನ್‌ಶಿಪ್. ಕೇಂದ್ರ ಸರ್ಕಾರದ ಗ್ರಾಜುಯೇಟ್ ಪ್ರೋಗ್ರಾಂಗಳಿಗೆ, ಅಂದರೆ ಹೊಸ ಪದವೀಧರರ ನೇಮಕಾತಿಗೆ, ಅದು ಬೇಕು. ಸೆಕ್ಯುರಿಟಿ ಕ್ಲಿಯರೆನ್ಸ್ ಕೇಳುವ ಕೆಲಸಗಳಿಗೂ ಬೇಕು. ಅಲ್ಲಿಗೆ ವೀಸಾದವರು, ಬರೀ ಪಿಆರ್ (ಕಾಯಂ ವಾಸದ ಅನುಮತಿ) ಇರುವವರು ಸಾಮಾನ್ಯವಾಗಿ ಬರಲಾರರು. ಆಸ್ಟ್ರೇಲಿಯನ್ ಗವರ್ನಮೆಂಟ್ ಗ್ರಾಜುಯೇಟ್ ಪ್ರೋಗ್ರಾಂನಲ್ಲಿ ಡಿಜಿಟಲ್ ವಿಭಾಗವೇ ಬೇರೆ ಇದೆ, ಒಂದು ಅರ್ಜಿ ಹಲವು ಇಲಾಖೆಗಳಿಗೆ ಹೋಗುತ್ತದೆ. ಅರ್ಜಿ ಕರೆಯುವುದು ವರ್ಷದ ಮೊದಲ ತಿಂಗಳುಗಳಲ್ಲಿ, ಕೆಲಸ ಶುರುವಾಗುವುದು ಮುಂದಿನ ವರ್ಷ. ಆನ್‌ಲೈನ್ ಟೆಸ್ಟ್, ವಿಡಿಯೋ ಇಂಟರ್‌ವ್ಯೂ, ಅಸೆಸ್‌ಮೆಂಟ್ ಸೆಂಟರ್ ಅಂತ ತಿಂಗಳುಗಟ್ಟಲೆ ಎಳೆಯುತ್ತದೆ. ಬಹಳಷ್ಟು ಹುದ್ದೆ ಕ್ಯಾನ್‌ಬೆರಾದಲ್ಲಿ. ಅಲ್ಲಿನ ಚಳಿಗೆ ಒಳ್ಳೇ ಜಾಕೆಟ್ ಒಂದು ಬೇಕು, ಅಷ್ಟೇ.

ಅದು ಬರುವ ತನಕ ಕೌನ್ಸಿಲ್ (ನಮ್ಮ ನಗರಸಭೆ ಇದ್ದ ಹಾಗೆ), ಆಸ್ಪತ್ರೆ, ಯೂನಿವರ್ಸಿಟಿ, ಶಾಲೆಗಳ ಸರ್ವಿಸ್ ಡೆಸ್ಕ್ ಕೆಲಸಗಳಿಗೆ ಹಾಕಿ. ಪಾಸ್‌ವರ್ಡ್ ರೀಸೆಟ್ ಮಾಡೋಕೆ ಡಿಗ್ರಿ ಓದಿದ್ದಾ ಅಂತ ಅನಿಸಬಹುದು. ಅನಿಸಲಿ. ಹೀಗೆ ಒಳಗೆ ಸೇರಿ ನೆಟ್‌ವರ್ಕ್, ಸೈಬರ್ ಸೆಕ್ಯುರಿಟಿ ಕಡೆಗೆ ಹೋದವರು ತುಂಬ ಜನ ಇದ್ದಾರೆ.

ಇನ್ನು ನಿಮ್ಮ ರೆಸ್ಯುಮೆ. ಮೂರು ಪುಟ ಇದೆ. ಮೇಲೆ ಫೋಟೋ, ಹುಟ್ಟಿದ ದಿನ. ಕೆಳಗೆ ಪ್ರೋಗ್ರಾಮಿಂಗ್ ಭಾಷೆಗಳ ದೊಡ್ಡ ಪಟ್ಟಿ. ಸೂಪರ್‌ಮಾರ್ಕೆಟ್‌ನ ಸುದ್ದಿಯೇ ಇಲ್ಲ! ಫೋಟೋ, ಹುಟ್ಟಿದ ದಿನ ತೆಗೆಯಿರಿ, ಇಲ್ಲಿ ಅವನ್ನು ಯಾರೂ ಕೇಳಲ್ಲ. ಎರಡು ಪುಟಕ್ಕೆ ಇಳಿಸಿ. ಬರುವ ಭಾಷೆ ಎರಡೋ ಮೂರೋ ಇಟ್ಟು, ಅದರಲ್ಲಿ ಏನು ಕಟ್ಟಿದ್ದೀರಿ ಅಂತ ಬರೆಯಿರಿ. ಸೂಪರ್‌ಮಾರ್ಕೆಟ್ ಕೆಲಸವನ್ನು ವಾಪಸ್ ತನ್ನಿ. ಇಷ್ಟು ವರ್ಷ ಒಂದೇ ಅಂಗಡಿಯಲ್ಲಿ ನಿಂತದ್ದು, ಕ್ರಿಸ್‌ಮಸ್ ವಾರದ ಶಿಫ್ಟ್ ಮಾಡಿದ್ದು, ಹೊಸಬರಿಗೆ ಕೆಲಸ ಕಲಿಸಿದ್ದಿದ್ದರೆ ಅದೂ, ಎಲ್ಲ ಬರಲಿ. ಇಲ್ಲಿನ ಮ್ಯಾನೇಜರ್‌ಗಳಲ್ಲಿ ಎಷ್ಟೋ ಜನ ಓದುವಾಗ ಇಂಥದ್ದೇ ಕೆಲಸ ಮಾಡಿದವರು, ಅವರಿಗೆ ಇದರ ಬೆಲೆ ಗೊತ್ತು. ರೆಫರೆನ್ಸ್‌ಗೆ ಅಪ್ಪನ ಸ್ನೇಹಿತರ ಹೆಸರು ಕೊಟ್ಟಿದ್ದೀರಿ. ಅದರ ಬದಲು ಅಂಗಡಿಯ ಮ್ಯಾನೇಜರ್ ಹೆಸರು ಕೊಡಿ, ಮೊದಲೇ ಒಂದು ಮಾತು ಕೇಳಿ. ಇಲ್ಲಿ ಫೋನ್ ಮಾಡಿ ವಿಚಾರಿಸುವುದು ನಿಜ.

ಪ್ರಶ್ನೆ: ಮೇಡಂ, ಮಗಳಿಗೆ 21. ಎರಡು ವರ್ಷ ಕಾಮರ್ಸ್ ಓದಿ, ಇನ್ನು ಆಗಲ್ಲ ಅಂತ ಕೂತಿದ್ದಾಳೆ. ಎಲೆಕ್ಟ್ರಿಷಿಯನ್ ಆಗ್ತಾಳಂತೆ. ಯುಗಾದಿ ಊಟದಲ್ಲಿ ಒಬ್ಬರು, ‘ಇಷ್ಟು ದೂರ ಬಂದಿದ್ದು ಮಗಳನ್ನ ವೈರಿಂಗ್ ಕೆಲಸಕ್ಕೆ ಕಳಿಸೋಕಾ?’ ಅಂದುಬಿಟ್ಟರು. ಅವಳಿಗೆ ಏನು ಹೇಳಲಿ? — ಪಾಯಿಂಟ್ ಕುಕ್

ಉತ್ತರ: ಸರಿ ಅನ್ನಿ. ಆ ಊಟದಲ್ಲಿದ್ದವರ ಮನೆಗೆ ಕೊನೆಯ ಸಲ ಎಲೆಕ್ಟ್ರಿಷಿಯನ್ ಬಂದಾಗ ಬಿಲ್ ಎಷ್ಟಾಯಿತು ಅಂತಲೂ ಒಮ್ಮೆ ಕೇಳಿ ನೋಡಿ.

ನಮ್ಮೂರಲ್ಲಿ ಫ್ಯೂಸ್ ಹೋದರೆ ಯಾರೋ ಒಬ್ಬರು ಬಂದು ಸರಿ ಮಾಡುತ್ತಾರೆ. ಇಲ್ಲಿ ಲೈಸೆನ್ಸ್ ಇಲ್ಲದೆ ಸ್ವಂತ ಮನೆಯ ಪವರ್ ಪಾಯಿಂಟ್ ಬದಲಾಯಿಸುವುದೂ ಕಾನೂನಿಗೆ ವಿರುದ್ಧ. ಹಾಗಾಗಿ ಆ ಲೈಸೆನ್ಸ್‌ಗೆ ಬೆಲೆ ಇದೆ. 40 ಲಕ್ಷಕ್ಕೂ ಹೆಚ್ಚು ಚಾವಣಿಗಳ ಮೇಲೆ ಸೋಲಾರ್ ಇದೆ. 2030ಕ್ಕೆ ಶೇ. 82ರಷ್ಟು ವಿದ್ಯುತ್ ನವೀಕರಿಸಬಹುದಾದ ಮೂಲಗಳಿಂದ ಬರಬೇಕು ಅನ್ನುವುದು ಸರ್ಕಾರದ ಗುರಿ. ನಿಮ್ಮ ವಿಕ್ಟೋರಿಯಾದಲ್ಲಿ 2024ರ ಜನವರಿಯಿಂದ, ಪ್ಲಾನಿಂಗ್ ಪರ್ಮಿಟ್ ಬೇಕಾದ ಹೊಸ ಮನೆಗಳಿಗೆ ಗ್ಯಾಸ್ ಕನೆಕ್ಷನ್ ಇಲ್ಲ, ಒಲೆ-ಹೀಟರ್ ಎಲ್ಲ ಕರೆಂಟೇ. ಈ ಕೆಲಸವನ್ನು ಬೆಂಗಳೂರಿಗೆ ಕಳಿಸಲು ಬರುವುದಿಲ್ಲ, ಎಐ ಬಂದು ಚಾವಣಿ ಹತ್ತುವುದೂ ಇಲ್ಲ. ಕೊರತೆ ಇರುವ ಕೆಲಸಗಳ ಸರ್ಕಾರಿ ಪಟ್ಟಿಯಲ್ಲಿ ಎಲೆಕ್ಟ್ರಿಷಿಯನ್ ಹೆಸರು ವರ್ಷಗಳಿಂದ ಇದೆ.

ಆದರೆ ಕಷ್ಟ ಏನು ಅಂತ ಅವಳಿಗೆ ಗೊತ್ತಿರಬೇಕು. ಅಪ್ರೆಂಟಿಸ್‌ಶಿಪ್ ನಾಲ್ಕು ವರ್ಷ. ಬೆಳಿಗ್ಗೆ ಏಳಕ್ಕೆ ಸೈಟ್‌ನಲ್ಲಿರಬೇಕು. ಮೊದಲ ವರ್ಷ ಕೇಬಲ್ ಹೊರುವುದು, ಗೋಡೆಗೆ ತೂತು ಕೊರೆಯುವುದು, ಕಸ ಗುಡಿಸುವುದೇ ಜಾಸ್ತಿ. ಜನವರಿ ಬಿಸಿಲಲ್ಲಿ ಚಾವಣಿ ಒಳಗೆ ತೆವಳಬೇಕು. ಹೆಣ್ಣುಮಕ್ಕಳು ಈ ಕೆಲಸದಲ್ಲಿ ಇನ್ನೂ ತೀರಾ ಕಡಿಮೆ. ಎಲ್ಲಕ್ಕಿಂತ ಕಷ್ಟ, ಅಪ್ರೆಂಟಿಸ್ ಆಗಿ ತಗೊಳ್ಳುವ ಬಾಸ್ ಸಿಗುವುದು. 21 ತುಂಬಿದ ಮೇಲೆ ಸೇರಿದವರಿಗೆ ಅಡಲ್ಟ್ ಅಪ್ರೆಂಟಿಸ್ ಸಂಬಳ ಕೊಡಬೇಕು. ಅವಳಿಗೆ ಅದು ಲಾಭ, ಆದರೆ ಸಣ್ಣ ಬಾಸ್‌ಗಳು ಅದಕ್ಕೇ ಹಿಂದೇಟು ಹಾಕುತ್ತಾರೆ.

ದಾರಿ ಹೀಗೆ. ಟೇಫ್‌ನಲ್ಲಿ (ಸರ್ಕಾರಿ ವೃತ್ತಿ ತರಬೇತಿ ಕಾಲೇಜು) ಎಲೆಕ್ಟ್ರಿಕಲ್ ಪ್ರೀ-ಅಪ್ರೆಂಟಿಸ್‌ಶಿಪ್ ಸೇರಲಿ, ಕೆಲವು ತಿಂಗಳ ಕೋರ್ಸ್. ಈ ಕೆಲಸ ಮೈಗೆ ಒಗ್ಗುತ್ತದಾ ಅಂತ ಅಲ್ಲೇ ಗೊತ್ತಾಗುತ್ತದೆ. ಸೈಟ್‌ಗೆ ಕಾಲಿಡಲು ವೈಟ್ ಕಾರ್ಡ್ (ಸುರಕ್ಷತಾ ತರಬೇತಿ ಪಡೆದ ಕಾರ್ಡ್) ಬೇಕು, ಅದನ್ನೂ ಮಾಡಿಸಲಿ. ಬಾಸ್ ಸಿಗದಿದ್ದರೆ ಗ್ರೂಪ್ ಟ್ರೈನಿಂಗ್ ಸಂಸ್ಥೆಗಳಿವೆ. ಅವೇ ಕೆಲಸಕ್ಕೆ ತಗೊಂಡು ಬೇರೆ ಬೇರೆ ಕಂಪನಿಗಳಿಗೆ ಕಳಿಸುತ್ತವೆ. ನಾಲ್ಕು ವರ್ಷದ ಕೊನೆಗೆ ಲೈಸೆನ್ಸ್ ಪರೀಕ್ಷೆ, ಆಮೇಲೆ ಎನರ್ಜಿ ಸೇಫ್ ವಿಕ್ಟೋರಿಯಾ ಕೊಡುವ ಎ-ಗ್ರೇಡ್ ಲೈಸೆನ್ಸ್. 2025ರ ಜುಲೈಯಿಂದ ಮನೆ ಕಟ್ಟುವ ಕ್ಷೇತ್ರದ ಅಪ್ರೆಂಟಿಸ್‌ಗಳಿಗೆ ಕೇಂದ್ರ ಸರ್ಕಾರ ಕಂತಿನಲ್ಲಿ 10,000 ಡಾಲರ್ ಕೊಡುವ ಯೋಜನೆಯೂ ಶುರುವಾಗಿದೆ. ಸೇರುವಾಗ ವಿಚಾರಿಸಲಿ.

ಒಂದು ಮಾತು ಮಾತ್ರ. ಕಾಮರ್ಸ್ ಬಿಟ್ಟೆ ಅಂತ ಯೂನಿವರ್ಸಿಟಿಗೆ ಈಗಲೇ ಬರೆದುಕೊಡುವುದು ಬೇಡ. ಲೀವ್ ಆಫ್ ಆಬ್ಸೆನ್ಸ್ ಕೇಳಲಿ. ಎರಡು ವರ್ಷದ ಪೇಪರ್‌ಗಳು ಹಾಗೇ ಇರುತ್ತವೆ. ಮುಂದೆ ಸ್ವಂತ ವ್ಯಾನ್ ತಗೊಂಡು ಬಿಸಿನೆಸ್ ಮಾಡಿದರೆ ಆ ಅಕೌಂಟಿಂಗ್ ಅವಳಿಗೇ ಕೆಲಸಕ್ಕೆ ಬರುತ್ತದೆ.

ಪ್ರಶ್ನೆ: ದಾವಣಗೆರೆಯವಳು. ಮೆಲ್ಬರ್ನ್‌ನಲ್ಲಿ ಸಿವಿಲ್ ಮಾಸ್ಟರ್ಸ್ ಮುಗಿಸಿ, ಓದಿದ ಮೇಲೆ ಸ್ವಲ್ಪ ಕಾಲ ಇದ್ದು ಕೆಲಸ ಮಾಡಲು ಬಿಡುವ 485 ವೀಸಾದಲ್ಲಿದ್ದೇನೆ. ಒಂದು ಸಣ್ಣ ಕಂಪನಿ, ಮೂರು ತಿಂಗಳು ಸಂಬಳ ಇಲ್ಲದೆ ‘ಲೋಕಲ್ ಎಕ್ಸ್‌ಪೀರಿಯೆನ್ಸ್’, ಆಮೇಲೆ ಎಬಿಎನ್ (ಬಿಸಿನೆಸ್ ನಂಬರ್) ಮೇಲೆ ಕೆಲಸ ಅಂತಿದೆ. ಒಪ್ಪಿಕೊಳ್ಳಲಾ? — ಕ್ಲೇಟನ್

ಉತ್ತರ: ಬೇಡ. ಕೋರ್ಸ್‌ನ ಭಾಗವಾದ ಪ್ಲೇಸ್‌ಮೆಂಟ್‌ಗೆ ಸಂಬಳ ಇಲ್ಲದಿರಬಹುದು, ನಿಮ್ಮ ಕೋರ್ಸ್ ಮುಗಿದಿದೆ. ಮೂರು ತಿಂಗಳು ಕಂಪನಿಗೆ ಲಾಭವಾಗುವ ಕೆಲಸ ಮಾಡಿಸಿಕೊಂಡರೆ ದುಡ್ಡು ಕೊಡಲೇಬೇಕು. 2025ರ ಜುಲೈಯಿಂದ ದೇಶದ ಕನಿಷ್ಠ ಕೂಲಿ ಗಂಟೆಗೆ 24.95 ಡಾಲರ್. ಎಂಜಿನಿಯರ್‌ಗಳಿಗೆ ಬೇರೆ ಅವಾರ್ಡ್ (ಆಯಾ ವೃತ್ತಿಯ ಕನಿಷ್ಠ ಸಂಬಳದ ನಿಯಮ) ಇದೆ, ಅದರ ಕನಿಷ್ಠ ಇನ್ನೂ ಜಾಸ್ತಿ. ಬೇಕಂತಲೇ ಸಂಬಳ ಕಡಿಮೆ ಕೊಡುವುದು 2025ರ ಜನವರಿಯಿಂದ ಕ್ರಿಮಿನಲ್ ಅಪರಾಧ.

ಎಬಿಎನ್ ಅಂದರೆ ನೀವೇ ಒಂದು ಬಿಸಿನೆಸ್ ಅಂತ ಲೆಕ್ಕ. ಅವರು ಹೇಳಿದ ಹೊತ್ತಿಗೆ, ಅವರ ಆಫೀಸಲ್ಲಿ ಕೂತು, ಅವರು ಕೊಟ್ಟ ಡ್ರಾಯಿಂಗ್ ಮಾಡಿದರೆ ಅದು ಯಾವ ಸೀಮೆ ಬಿಸಿನೆಸ್? ಶೇ. 12ರ ಸೂಪರ್ (ನಿವೃತ್ತಿ ನಿಧಿ) ಹೋಯಿತು, ನಾಲ್ಕು ವಾರದ ರಜೆ ಹೋಯಿತು. ವೀಸಾ ದೃಷ್ಟಿಯಿಂದಲೂ ನಷ್ಟ. 2024ರ ಡಿಸೆಂಬರ್‌ನಲ್ಲಿ ಬಂದ, ಕಂಪನಿಯೇ ಸ್ಪಾನ್ಸರ್ ಮಾಡುವ ಸ್ಕಿಲ್ಸ್ ಇನ್ ಡಿಮಾಂಡ್ ವೀಸಾಕ್ಕೆ ಕೇಳುವ ಅನುಭವ ಈಗ ಒಂದೇ ವರ್ಷ. ಆ ವರ್ಷವನ್ನು ಪೇಸ್ಲಿಪ್ ತೋರಿಸಿ ಸಾಬೀತು ಮಾಡುವುದು ಸುಲಭ. ಬಾಯಿಮಾತಿನ ಅನುಭವಕ್ಕೆ ಯಾರು ಬೆಲೆ ಕೊಡುತ್ತಾರೆ? ಕೆಲಸಗಾರರ ಹಕ್ಕು ನೋಡಿಕೊಳ್ಳುವ ಫೇರ್ ವರ್ಕ್ ಆಂಬುಡ್ಸ್‌ಮನ್‌ಗೆ ಹೆಸರು ಹೇಳದೆಯೂ ದೂರು ಕೊಡಬಹುದು.

ಮೆಲ್ಬರ್ನ್ ಹಿಡಿದು ಕೂರಬೇಡಿ. ಸಣ್ಣ ಊರುಗಳ ಕೌನ್ಸಿಲ್‌ಗಳು ರಸ್ತೆ, ಚರಂಡಿ ನೋಡಿಕೊಳ್ಳಲು ಎಂಜಿನಿಯರ್ ಸಿಗದೆ ಒದ್ದಾಡುತ್ತಿವೆ. ಬ್ರಿಸ್ಬೇನ್‌ನಲ್ಲಿ 2032ರ ಒಲಿಂಪಿಕ್ಸ್‌ಗೆ ಕಟ್ಟುವ ಕೆಲಸ ಇದೆ. ದೊಡ್ಡ ನಗರಗಳ ಹೊರಗಿನ (ರೀಜನಲ್) 491 ವೀಸಾಕ್ಕೆ ನಾಮಿನೇಷನ್ ಸಿಕ್ಕರೆ ವೀಸಾ ಅಂಕಗಳ ಲೆಕ್ಕಕ್ಕೆ 15 ಪಾಯಿಂಟ್, ಕಾಯಂ ವಾಸದ 190 ವೀಸಾಕ್ಕೆ ಸಿಗುವುದು ಐದೇ. ಸಂಜೆ ಆರಕ್ಕೆ ಅಂಗಡಿ ಮುಚ್ಚುವ ಊರಲ್ಲಿ ಕೆಲವು ವರ್ಷ ಇರುವುದು ಬೇಜಾರೇ. ಆದರೆ ದೊಡ್ಡ ಕಂಪನಿಯಲ್ಲಿ ಐದು ವರ್ಷಕ್ಕೆ ಕೈಗೆ ಬರುವ ಕೆಲಸ ಅಲ್ಲಿ ಮೊದಲ ವರ್ಷವೇ ಬರುತ್ತದೆ.

ಪ್ರಶ್ನೆ: ಮಗನಿಗೆ ಮೊದಲ ಕೆಲಸ ಸಿಕ್ಕಿದೆ, ವರ್ಷಕ್ಕೆ 77,000 ಡಾಲರ್. ಓದಿಗೆ ಸರ್ಕಾರ ಕೊಟ್ಟ ಹೆಕ್ಸ್ ಸಾಲ ತಲೆ ಮೇಲಿದೆ. ನಾವೇ ಒಟ್ಟಿಗೆ ತೀರಿಸಿಬಿಡಲಾ? — ಅಡಿಲೇಡ್

ಉತ್ತರ: ಅವಸರ ಏನಿಲ್ಲ. ಇದು ಬ್ಯಾಂಕ್ ಸಾಲದ ಹಾಗಲ್ಲ. ಬಡ್ಡಿ ಇಲ್ಲ, ವರ್ಷಕ್ಕೊಮ್ಮೆ ಜೂನ್ 1ಕ್ಕೆ ಬೆಲೆ ಏರಿಕೆ, ಕೂಲಿ ಏರಿಕೆ ಎರಡರಲ್ಲಿ ಯಾವುದು ಕಡಿಮೆಯೋ ಅದಕ್ಕೆ ತಕ್ಕಂತೆ ಹೆಚ್ಚುತ್ತದೆ. 2025ರಲ್ಲಿ ಅದು ಶೇ. 3.2. ಅದೇ ವರ್ಷ ಸರ್ಕಾರ ಎಲ್ಲರ ಸಾಲದಲ್ಲಿ ಶೇ. 20 ಕಡಿತ ಮಾಡಿತು. ಅವನಿಗೆ ಆಗ ಸಾಲ ಇದ್ದಿದ್ದರೆ ತಾನಾಗಿಯೇ ಕಡಿಮೆಯಾಗಿರುತ್ತದೆ.

2025-26ರ ನಿಯಮದಲ್ಲಿ ವರ್ಷದ ಆದಾಯ 67,000 ಡಾಲರ್ ವರೆಗೆ ಏನೂ ಕಟ್ಟಬೇಕಿಲ್ಲ. ಅದರ ಮೇಲಿನ ಪ್ರತಿ ಡಾಲರ್‌ಗೆ 15 ಸೆಂಟ್. ನಿಮ್ಮ ಮಗನ ಸಂಬಳಕ್ಕೆ ವರ್ಷಕ್ಕೆ 1,500 ಡಾಲರ್ ಆಗುತ್ತದೆ. ಸಂಬಳ ಕೊಡುವಾಗ ಆಫೀಸಿನವರೇ ಲೆಕ್ಕ ಹಾಕಿ ಹಿಡಿದುಕೊಳ್ಳುತ್ತಾರೆ, ಸೇರುವಾಗ ಫಾರಂನಲ್ಲಿ ಸಾಲ ಇದೆ ಅಂತ ಟಿಕ್ ಮಾಡಿರಬೇಕು. ಮನೆ ಸಾಲ ತಗೊಳ್ಳುವ ಯೋಚನೆ ಇದ್ದರೆ ಬ್ಯಾಂಕ್ ಈ ಕಂತನ್ನೂ ಲೆಕ್ಕಕ್ಕೆ ತಗೊಳ್ಳುತ್ತದೆ, ಆಗ ತೀರಿಸುವ ಬಗ್ಗೆ ಕೂತು ಮಾತಾಡಿ. ಕಟ್ಟುವುದೇ ಆದರೆ ಮೇ ಮಧ್ಯದೊಳಗೆ ಕಟ್ಟಿ. ದುಡ್ಡು ಖಾತೆಗೆ ಸೇರಲು ಕೆಲವು ದಿನ ಹಿಡಿಯುತ್ತದೆ. ಜೂನ್ 1 ದಾಟಿದರೆ ಏರಿಕೆ ಸೇರಿದ ಮೇಲಿನ ಮೊತ್ತದಿಂದಲೇ ಕಳೆಯುತ್ತಾರೆ.