ಆಪ್ತಸಲಹೆ ಪ್ರಕರಣ: ತರಗತಿಯೆಲ್ಲ ಓದಿದ ಒಂದು ಸಾಲು

ಗುರುತು ಸಿಗಬಾರದೆಂದು ಈ ಪ್ರಕರಣದ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಬರೆಯುವುದಕ್ಕೆ ಸಂಬಂಧಪಟ್ಟ ಉಪನ್ಯಾಸಕಿಯವರ ಒಪ್ಪಿಗೆಯಿದೆ.

ಗದಗ ಜಿಲ್ಲೆಯ ಪದವಿ ಕಾಲೇಜೊಂದರಲ್ಲಿ ಇತಿಹಾಸ ಕಲಿಸುವ ಅವರು ಧಾರವಾಡಕ್ಕೆ ನನ್ನನ್ನು ಕಾಣಲು ಬಂದದ್ದು ರಾತ್ರಿ ನಿದ್ದೆ ಬರುವುದಿಲ್ಲವೆಂದು. ಲಕ್ಕುಂಡಿಯ ದೇವಾಲಯಗಳನ್ನು ಸ್ವತಃ ನೋಡಿ ಬಂದು ಬರೆಯಬೇಕೆಂದು ತಮ್ಮ 62 ವಿದ್ಯಾರ್ಥಿಗಳಿಗೆ ಗೂಗಲ್ ಕ್ಲಾಸ್‌ರೂಮ್ ಎಂಬ ಆನ್‌ಲೈನ್ ತರಗತಿ ತಾಣದಲ್ಲಿ ಅಸೈನ್‌ಮೆಂಟ್ ಕೊಟ್ಟಿದ್ದರು. ಮನೆಗೆಲಸ ಮುಗಿಸಿ, ನಡುರಾತ್ರಿ ದಾಟುವವರೆಗೆ ನಲವತ್ತಕ್ಕೂ ಹೆಚ್ಚು ಬರಹಗಳನ್ನು ನೋಡಿದ ಮೇಲೆ ಒಬ್ಬ ಹುಡುಗಿಯ ಬರಹ ಬಂತು. ಅತ್ತಿಮಬ್ಬೆ ಕಟ್ಟಿಸಿದ ಬ್ರಹ್ಮ ಜಿನಾಲಯದ ಬಗೆಗಿನ ಅದರ ಮೊದಲ ಪುಟ ಅಂತರ್ಜಾಲದಿಂದ ಇದ್ದದ್ದನ್ನು ಇದ್ದಂತೆಯೇ ಎತ್ತಿಕೊಂಡದ್ದಾಗಿತ್ತು. ಅದೇ ಹುಡುಗಿ ಸಂಜೆ, ಅಸೈನ್‌ಮೆಂಟಿನ ಕೆಳಗೆ ಎಲ್ಲರಿಗೂ ಕಾಣುವ ಜಾಗದಲ್ಲಿ, ‘ಮೇಡಮ್, ನಂದು ಬಂದೇತ್ರಿ?’ ಎಂದು ಕೇಳಿದ್ದಳು. ಇವರು ಅಲ್ಲಿಯೇ ಉತ್ತರಿಸಿಬಿಟ್ಟರು: ‘ಯಾಕವಾ, ಲಕ್ಕುಂಡಿಗೆ ಹೋಗಿ ಬರದಿಯೋ, ಗೂಗಲ್ ನೋಡಿ ಬರದಿಯೋ?’

ಬೆಳಗಾಗುವಷ್ಟರಲ್ಲಿ ತರಗತಿಯೆಲ್ಲ ಅದನ್ನು ಓದಿತ್ತು. ಹುಡುಗಿಯ ಮನೆಯಲ್ಲಿದ್ದದ್ದು ಒಂದೇ ಮೊಬೈಲ್, ಅದೂ ಅಣ್ಣನ ಕೈಯಲ್ಲಿ. ಸಾಲನ್ನು ಮೊದಲು ಓದಿದವನು ಅವನೇ ಎಂಬುದು ಆಮೇಲೆ ಗೆಳತಿಯರಿಂದ ತಿಳಿಯಿತು. ಎರಡು ವಾರ ಅವಳು ಇವರ ತರಗತಿಗೆ ಬರಲಿಲ್ಲ. ಅಂದಿನಿಂದ ಉಪನ್ಯಾಸಕಿಯವರು ಯಾರ ಬರಹಕ್ಕೂ ‘ಗುಡ್’, ‘ಓಕೆ’ ಎನ್ನುವುದರಾಚೆ ಒಂದು ಪದವನ್ನೂ ಬರೆದಿರಲಿಲ್ಲ.

‘ನಾ ಕ್ಲಾಸಿನಾಗ ದಿನಾ ಹಿಂಗ ಮಾತಾಡ್ತೀನ್ರಿ, ಹುಡುಗ್ರು ನಗ್ತಾವ’ ಎಂದರು. ಅದರಲ್ಲಿ ಸುಳ್ಳಿರಲಿಲ್ಲ. ನಮ್ಮ ಭಾಗದ ‘ಯಾಕವಾ’, ‘ಏನಪಾ’ ಎಂಬ ಮಾತುಗಳಲ್ಲಿ ಗದರಿಕೆಯೂ ಅಕ್ಕರೆಯೂ ಒಟ್ಟಿಗೇ ಇರುತ್ತವೆ, ಮತ್ತು ಯಾವುದು ಎಷ್ಟೆಂಬುದನ್ನು ಕೇಳುವವರು ದನಿಯಿಂದ, ಮುಖದಿಂದ ತಿಳಿದುಕೊಳ್ಳುತ್ತಾರೆ. ಪರದೆಯ ಮೇಲೆ ದನಿಯೂ ಇಲ್ಲ, ಮುಖವೂ ಇಲ್ಲ; ಆಡಿದ ಮಾತು ಗಾಳಿಯಲ್ಲಿ ಕರಗುವಂತೆ ಬರೆದ ಸಾಲು ಕರಗುವುದೂ ಇಲ್ಲ, ಆ ಹುಡುಗಿ ಅದನ್ನು ಎಷ್ಟು ಬಾರಿ ತೆಗೆದು ಓದಿದ್ದಾಳೋ ಅಷ್ಟು ಬಾರಿ ಅದು ಹೊಸದಾಗಿಯೇ ಚುಚ್ಚಿರುತ್ತದೆ. ಇದನ್ನು ನಾನು ಅವರಿಗೆ ನಿಧಾನವಾಗಿ ಹೇಳಿದೆ, ಏಕೆಂದರೆ ಅವರು ತಮ್ಮನ್ನು ಕ್ರೂರಿಯೆಂದು ಭಾವಿಸಿಕೊಂಡಿದ್ದರು. ತಪ್ಪಿದ್ದದ್ದು ಮನಸ್ಸಿನಲ್ಲಲ್ಲ, ಮಾತಿನ ಜಾಗದಲ್ಲಿ ಮತ್ತು ಹೊತ್ತಿನಲ್ಲಿ.

ಆ ಬರಹವನ್ನು ನನ್ನೆದುರೇ ಮೊಬೈಲಿನಲ್ಲಿ ತೆಗೆದು ಕೊನೆಯವರೆಗೆ ಓದಲು ಕೇಳಿಕೊಂಡೆ. ಮೂರನೆಯ ಪುಟದಲ್ಲಿ ಮಾಣಿಕೇಶ್ವರ ಗುಡಿಯ ಎದುರಿನ ಮುಸುಕಿನ ಬಾವಿ ಇತ್ತು. ಮೆಟ್ಟಿಲಿಳಿಯುತ್ತ ಹೋದಂತೆ ಬಿಸಿಲು ಹಿಂದೆ ಉಳಿದು ಕಾಲಿಗೆ ತಂಪು ಹತ್ತಿದ್ದನ್ನು ಹುಡುಗಿ ತನ್ನದೇ ಮಾತಿನಲ್ಲಿ ಬರೆದಿದ್ದಳು. ಉಪನ್ಯಾಸಕಿಯವರು ಬಹಳ ಹೊತ್ತು ಏನೂ ಮಾತನಾಡಲಿಲ್ಲ. ಅವಳು ಲಕ್ಕುಂಡಿಗೆ ಹೋಗಿದ್ದಳು.

ನಾನು ಕೊಟ್ಟ ಸಲಹೆಯಲ್ಲಿ ಮೊದಲನೆಯದು ಕ್ಷಮೆಯ ಕುರಿತು. ಆ ಸಾಲನ್ನು ಇಂದೇ ಅಳಿಸಿರಿ. ಆದರೆ ಅಳಿಸಿದ ಮಾತ್ರಕ್ಕೆ ಓದಿದವರ ನೆನಪು ಅಳಿಯುವುದಿಲ್ಲವಾದ್ದರಿಂದ ಅವಳನ್ನು ಎದುರಿಗೇ ಕಂಡು ಮಾತನಾಡಿರಿ, ಅದೂ ಹತ್ತು ಜನ ಕುಳಿತಿರುವ ಸ್ಟಾಫ್ ರೂಮಿಗೆ ಕರೆಸಿ ಅಲ್ಲ. ‘ತಮಾಷೆಗೆ ಅಂದೆ’ ಎನ್ನಬೇಡಿರಿ, ಹಾಗೆಂದರೆ ನೊಂದದ್ದೇ ಅವಳ ತಪ್ಪಾಗುತ್ತದೆ. ಪೂರ್ತಿ ಓದದೆ ಬರೆದೆ ಎಂಬ ನಿಜವನ್ನಷ್ಟೇ ಹೇಳಿರಿ. ಅವಳು ಒಪ್ಪಿದರೆ ಮಾತ್ರ ತರಗತಿಯ ಮುಂದೆಯೂ ಹೇಳಿರಿ. ನಕಲಿನ ಮಾತನ್ನು ಅಂದೇ ಎತ್ತಬೇಡಿರಿ, ಆದರೆ ಬಿಟ್ಟುಬಿಡಲೂ ಬೇಡಿರಿ.

ಮುಂದಿನ ಬರಹಗಳ ಬಗ್ಗೆ ಹೇಳಿದ್ದು ಹೆಚ್ಚು ವ್ಯಾವಹಾರಿಕವಾಗಿತ್ತು. ತಿದ್ದುವ ಮಾತೆಲ್ಲ ಖಾಸಗಿ ಕಾಮೆಂಟಿನಲ್ಲೇ ಇರಲಿ. ಅದು ಆ ವಿದ್ಯಾರ್ಥಿಗೂ ಶಿಕ್ಷಕರಿಗೂ ಮಾತ್ರ ಕಾಣುತ್ತದೆ. ಮನೆಮಂದಿಗೆಲ್ಲ ಒಂದೇ ಮೊಬೈಲ್ ಇರುವಲ್ಲಿ ಅದೂ ಪೂರ್ತಿ ಖಾಸಗಿಯಲ್ಲ, ಆದ್ದರಿಂದ ಕಟುವಾದದ್ದನ್ನು ಬರೆಯದೆ ‘ನಾಳೆ ಭೇಟಿಯಾಗು’ ಎಂದಷ್ಟೇ ಬರೆಯುವುದು ಮೇಲು. ರಾತ್ರಿ ಒಂಬತ್ತರ ನಂತರ ಓದಬಹುದು, ಬರೆಯಬಾರದು. ದಿನಕ್ಕೆ ಹದಿನೈದು ಬರಹ ಸಾಕು. ಕಾಮೆಂಟ್ ಬ್ಯಾಂಕಿನಲ್ಲಿ ಕೂಡಿಟ್ಟ ವಾಕ್ಯಗಳು ಕಾಗುಣಿತದಂಥ ಸಾಮಾನ್ಯ ತಪ್ಪುಗಳಿಗೆ ಒದಗುತ್ತವೆ. ಹುಡುಗರು ವಾಟ್ಸಾಪಿನಲ್ಲಿ ಹೋಲಿಸಿ ನೋಡುವವರಾದ್ದರಿಂದ ಪ್ರತಿಯೊಬ್ಬರಿಗೂ ಅವರ ಬರಹದಿಂದಲೇ ಹುಟ್ಟಿದ ಒಂದು ವಾಕ್ಯವಾದರೂ ಇರಬೇಕು.

ಅಂಕದ ಬಗ್ಗೆಯೂ ಒಂದು ಮಾತು ಹೇಳಿದೆ. ಶಿಕ್ಷಣ ಮನೋವಿಜ್ಞಾನಿ ರೂತ್ ಬಟ್ಲರ್ ಇಸ್ರೇಲಿನ ಶಾಲಾ ಮಕ್ಕಳ ಮೇಲೆ ನಡೆಸಿ 1988ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬರೀ ಟಿಪ್ಪಣಿ ಪಡೆದ ಮಕ್ಕಳ ಆಸಕ್ತಿಯೂ ಕೆಲಸವೂ ಸುಧಾರಿಸಿದ್ದವು, ಟಿಪ್ಪಣಿಯ ಜೊತೆಗೆ ಅಂಕವನ್ನೂ ಪಡೆದವರಲ್ಲಿ ಆ ಲಾಭ ಕಾಣಲಿಲ್ಲ. ಗೂಗಲ್ ಕ್ಲಾಸ್‌ರೂಮಿನಲ್ಲಿ ಅಂಕ ಹಾಕದೆಯೂ ಬರಹವನ್ನು ಹಿಂದಿರುಗಿಸಬಹುದು, ವಿದ್ಯಾರ್ಥಿ ತಿದ್ದಿ ಮತ್ತೆ ಸಲ್ಲಿಸಬಹುದು. ಅಂಕ ಎರಡನೆಯ ಸುತ್ತಿಗಿರಲಿ ಎಂದೆ.

ಮೂರು ವಾರಗಳ ನಂತರ ಬಂದಾಗ ಅವರು ಖಾಸಗಿ ಕಾಮೆಂಟಿನ ಜಾಗವನ್ನು ತೆರೆದು ತೋರಿಸಿದರು. ‘ಮೂರನೆಯ ಪುಟ ಬರೆದವಳೇ ಮೊದಲನೆಯ ಪುಟವನ್ನೂ ಬರೆಯಬೇಕು. ಜಿನಾಲಯದ ಒಳಗೆ ನಿನಗೆ ಮೊದಲು ಕಂಡದ್ದೇನು?’ ಎಂದು ಕೇಳಿದ್ದರು. ಕೆಳಗೆ ಹುಡುಗಿಯ ಉತ್ತರವಿತ್ತು: ‘ಒಳಗ ಭಾಳ ಕತ್ತಲಿತ್ರಿ ಮೇಡಮ್, ಸರಿಯಾಗಿ ನೋಡಿರಲಿಲ್ಲ. ಐತವಾರ ಮತ್ತ ಹೋಗ್ತೀನ್ರಿ.’