ಮಾನಸಗಂಗೋತ್ರಿಯ ನೊಣದ ಲ್ಯಾಬಿನಲ್ಲಿ ಕೆಲಸ ಏನಿರುತ್ತದೆ?

ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಪ್ರಾಣಿಶಾಸ್ತ್ರ ಎಂಎಸ್ಸಿಗೆ ಸೇರಬೇಕೆಂದಿದ್ದೀರಿ, ಅಲ್ಲಿ ನೊಣ ಇಟ್ಟುಕೊಂಡು ಏನು ಸಂಶೋಧನೆ ಮಾಡುತ್ತಾರೆ, ದಿನದ ಕೆಲಸ ಏನು ಎಂದು ಕೇಳಿದ್ದೀರಿ.

ಈ ವಿಶ್ವವಿದ್ಯಾನಿಲಯದ ಸಂಶೋಧನೆ ಎಂದರೆ ಜನ ಮೊದಲು ಹೇಳುವುದು ವಿದ್ವಾಂಸ ಶಾಮಶಾಸ್ತ್ರಿಗಳ ಕೈಗೆ ಬಂದ ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಗರಿಯನ್ನು. ತಳಿವಿಜ್ಞಾನದವರಿಗೆ ಮಾತ್ರ ಮಾನಸಗಂಗೋತ್ರಿ, ಅಂದರೆ ವಿಶ್ವವಿದ್ಯಾನಿಲಯದ ಆವರಣ, ಎಂದರೆ ಡ್ರಾಸೊಫಿಲಾ, ಬಾಳೆಹಣ್ಣಿನ ಸಿಪ್ಪೆಗೆ ಮುತ್ತುವ ಆ ಪುಟ್ಟ ಹಣ್ಣುನೊಣ. ನೊಣದ ತಳಿಗಳನ್ನು (ಸ್ಟಾಕ್) ಸಾಕಿ ಉಳಿಸಿಕೊಳ್ಳುವ ಡ್ರಾಸೊಫಿಲಾ ಸ್ಟಾಕ್ ಸೆಂಟರ್ ಅಲ್ಲಿದೆ. ನಸೂಟಾ (8 ಕ್ರೋಮೋಸೋಮು, ಅಂದರೆ ವಂಶವಾಹಿ ಹೊತ್ತ ಎಳೆ) ಮತ್ತು ಆಲ್ಬೊಮಿಕನ್ಸ್ (6) ಎಂಬ ಎರಡು ಬಗೆಯನ್ನು ಕೂಡಿಸಿ, ಮಿಶ್ರತಳಿಯ ಸಂತತಿಯನ್ನು ತಲೆಮಾರುಗಟ್ಟಲೆ ಸಾಕಿ, ಹೊಸ ಕ್ರೋಮೋಸೋಮು ಜೋಡಣೆ ನೆಲೆಯೂರುವುದನ್ನು ತೋರಿಸಿದ್ದು ಅಲ್ಲಿನ ದೊಡ್ಡ ಕೆಲಸ. ಹೊಸ ಪ್ರಭೇದ ಹುಟ್ಟುವ ದಾರಿಯನ್ನು ಬಾಟಲಿಯೊಳಗೇ ನೋಡಿದಂತೆ.

ದಿನದ ಕೆಲಸ ಮಾತ್ರ ಅಡುಗೆಮನೆಯದು. ಮೈಸೂರಿನವರು ಬಳಸುವ ಮೀಡಿಯಾ (ನೊಣದ ಆಹಾರ) ಅಳತೆ ಹೀಗೆ: 1 ಲೀಟರ್ ನೀರಿಗೆ 100 ಗ್ರಾಂ ಬೆಲ್ಲ, 100 ಗ್ರಾಂ ಗೋಧಿ ರವೆ, ಸುಮಾರು 10 ಗ್ರಾಂ ಅಗರ್ (ಗಟ್ಟಿಯಾಗಿಸುವ ಪುಡಿ), 7.5 ಮಿಲಿ ಪ್ರೊಪಿಯೋನಿಕ್ ಆಮ್ಲ. ನೀರಿಗೆ ಬೆಲ್ಲ, ಅಗರ್ ಹಾಕಿ ಕುದಿಸಿ, ಅಗರ್ ಪೂರ್ತಿ ಕರಗಿದ ಮೇಲೆ ರವೆಯನ್ನು ಉದುರಿಸುತ್ತ ಕೈಬಿಡದೆ ತಿರುಗಿಸಬೇಕು. ಉಪ್ಪಿಟ್ಟಿನ ಹಾಗೆಯೇ, ಕೈ ನಿಂತರೆ ಗಂಟು. ಆಮ್ಲ ಹಾಕುವುದು ಒಲೆಯಿಂದ ಇಳಿಸಿ ಸ್ವಲ್ಪ ಆರಿದ ಮೇಲೆ; ಕುದಿಯುವಾಗ ಹಾಕಿದರೆ ಆವಿಯಾಗಿ ಹೋಗಿ ನಾಲ್ಕೇ ದಿನಕ್ಕೆ ಬೂಷ್ಟು ಹಿಡಿಯುತ್ತದೆ. ಬಿಸಿಯಲ್ಲೇ ಹತ್ತಿ ಬಿರಡೆ ಹಾಕಬೇಡಿ, ಗಾಜಿಗೆ ನೀರಿಳಿದು ನೊಣ ಅಂಟಿಕೊಂಡು ಸಾಯುತ್ತವೆ. ಗಟ್ಟಿಯಾದ ಮೇಲೆ ಒಂದೆರಡು ಹನಿ ಯೀಸ್ಟ್ ಸಾಕು.

ಸಾಕುವ ಕೋಣೆ 22 ಡಿಗ್ರಿ ಸೆಲ್ಸಿಯಸ್ ಆಸುಪಾಸು, ತೇವಾಂಶ ಶೇ. 70. ಮೈಸೂರಿನ ಹವೆಗೆ ಇದು ಬಹಳ ಕಷ್ಟವಲ್ಲ, ಏಪ್ರಿಲ್ ಒಂದು ಬಿಟ್ಟು.

ಹೊಸಬರು ಎಡವುವುದು ಎರಡು ಕಡೆ. ಒಂದು, ಪ್ರಜ್ಞೆ ತಪ್ಪಿಸಲು ಈಥರ್ ಕೊಟ್ಟ ನೊಣಗಳನ್ನು ನಿಂತ ಬಾಟಲಿಗೆ ಸುರಿಯುವುದು. ಪ್ರಜ್ಞೆಯಿಲ್ಲದ ನೊಣದ ರೆಕ್ಕೆ ಮೀಡಿಯಾಕ್ಕೆ ಅಂಟಿದರೆ ಮತ್ತೆ ಏಳುವುದಿಲ್ಲ. ಬಾಟಲಿ ಮಲಗಿಸಿ ಗಾಜಿನ ಮೇಲೆ ಬಿಡಿ, ಎಚ್ಚರವಾದ ಮೇಲೆ ನಿಲ್ಲಿಸಿ. ಎರಡು, ಕನ್ಯೆ ನೊಣ, ಅಂದರೆ ಇನ್ನೂ ಗಂಡಿನೊಡನೆ ಕೂಡದ ಹೆಣ್ಣು, ಆರಿಸುವುದು. ಪ್ಯೂಪಾದಿಂದ (ಕೋಶದಿಂದ) ಹೊರಬಂದ ಎಂಟು ಗಂಟೆಯೊಳಗೆ ಹೆಣ್ಣನ್ನು ಬೇರ್ಪಡಿಸಬೇಕು. ಮಾಸಲು ಮೈ, ಹೊಟ್ಟೆಯಲ್ಲೊಂದು ಕಪ್ಪು ಚುಕ್ಕೆ ಕಂಡರೆ ಅದು ಈಗಷ್ಟೇ ಬಂದದ್ದು. ಹೆಣ್ಣು ಗಂಡಿನ ವೀರ್ಯ ಕೂಡಿಟ್ಟುಕೊಳ್ಳುವುದರಿಂದ ಆಗಲೇ ಕೂಡಿದ, ತಪ್ಪಿ ಬಂದ ಒಂದೇ ಒಂದು ನೊಣ ಇಡೀ ಕ್ರಾಸ್ (ತಳಿ ಕೂಡಿಸುವ ಪ್ರಯೋಗ) ಕೆಡಿಸುತ್ತದೆ.

ಸೇರಿದ ದಿನವೇ ರಜೆಯ ಸಮಯದಲ್ಲಿ ಸ್ಟಾಕ್ ಬದಲಿಸುವವರು ಯಾರು ಎಂದು ಕೇಳಿಕೊಳ್ಳಿ. ಮೂರು ವಾರಕ್ಕೊಮ್ಮೆ ಹೊಸ ಮೀಡಿಯಾಕ್ಕೆ ದಾಟಿಸಲೇಬೇಕು, ದಸರಾ ಇರಲಿ ಪರೀಕ್ಷೆ ಇರಲಿ. ಹಳೇ ಬಾಟಲಿಯನ್ನೂ ತಕ್ಷಣ ತೊಳೆಯಬೇಡಿ, ಹೊಸದರಲ್ಲಿ ಮರಿಹುಳು ಕಾಣುವವರೆಗೆ ಇರಲಿ.