ಕಾರ್ಡಲ್ಲಿರೋ ಪರ್ಸೆಂಟು ಮಾರ್ಕ್ಸಾ ಅಮ್ಮ?

ಪ್ರಶ್ನೆ: ಮೇಡಂ, ನನ್ನ ಮಗನಿಗೆ ಒಂಬತ್ತು ವರ್ಷ, ಆಟಿಸಂ ಇದೆ ಅಂತ ನಾಲ್ಕನೇ ವರ್ಷಕ್ಕೇ ಗೊತ್ತಾಗಿತ್ತು, ಅವನಿಗೆ ಮಾತ್ರ ಹೇಳಿಲ್ಲ. ಮೊನ್ನೆ ಪೋಸ್ಟಲ್ಲಿ ಯುಡಿಐಡಿ ಕಾರ್ಡ್ (ವೈಕಲ್ಯ ಇರೋರಿಗೆ ಸರ್ಕಾರ ಕೊಡೋ ಗುರುತಿನ ಚೀಟಿ) ಬಂತು, ನಾನು ಅಡುಗೆಮನೇಲಿದ್ದೆ, ಇವನೇ ಕವರ್ ಹರಿದು ಓದ್ಕೊಂಡು ಬಂದು "ಅಮ್ಮ, ನಂಗೆ ಯಾವ ಪರೀಕ್ಷೇಲಿ 50 ಪರ್ಸೆಂಟ್ ಬಂತು?" ಅಂದ. ಗಾಬರಿಗೆ ಕಿತ್ಕೊಂಡು ಬೀರುಲಿಟ್ಟೆ. ಅತ್ತೆ "ಮಗು ಮುಂದೆ ಆ ಮಾತೇ ಎತ್ಬೇಡ, ದೊಡ್ಡೋನಾದ್ಮೇಲೆ ಸರಿಹೋಗ್ತಾನೆ" ಅಂತಾರೆ. ಏನ್ ಮಾಡ್ಲಿ?
- ಒಬ್ಬ ತಾಯಿ, ಹಾಸನ

ಉತ್ತರ: ಮೊದ್ಲು ಕಾರ್ಡನ್ನ ಬೀರುವಿಂದ ತೆಗೀರಿ. ಅವನ ಫೋಟೋ ಇರೋ ಕಾರ್ಡನ್ನ ಬಚ್ಚಿಟ್ರೆ ತಾನೇನೋ ತಪ್ಪು ಮಾಡಿದೀನಿ ಅಂದ್ಕೊಳ್ತಾನೆ. (ಪರ್ಸೆಂಟ್ ಅಂದ್ರೆ ಮಾರ್ಕ್ಸು ಅಂತ ಮಕ್ಳಿಗೆ ಕಲಿಸಿದ್ದು ನಾವೇ ತಾನೆ!) "ಇದು ಮಾರ್ಕ್ಸ್ ಅಲ್ಲ ಪುಟ್ಟ, ನಿಂಗೆ ಸಹಾಯ ಸಿಗ್ಲಿ ಅಂತ ಡಾಕ್ಟ್ರು ಬರೆದುಕೊಟ್ಟ ಲೆಕ್ಕ" ಅನ್ನಿ, ಸಾಕು. ವೈಕಲ್ಯ ಇರೋರ ಹಕ್ಕುಗಳ 2016ರ ಕಾಯ್ದೇಲಿ 21 ಬಗೆ ವೈಕಲ್ಯ ಇದಾವೆ, ಆಟಿಸಂ ಅದ್ರಲ್ಲೊಂದು, ವೈಕಲ್ಯದ ಪ್ರಮಾಣ 40 ಪರ್ಸೆಂಟೋ ಅದಕ್ಕಿಂತ ಜಾಸ್ತಿಯೋ ಇದ್ರೆ ಕೆಲವು ಸೌಲಭ್ಯ ಸಿಗತ್ತೆ, ಆದ್ರೆ ಈ ವಿವರ ನಿಮಗೆ ಗೊತ್ತಿದ್ರೆ ಸಾಕು, ಅವನಿಗೀಗ ಬೇಡ.

ಆಟಿಸಂ ಅನ್ನೋ ಹೆಸರು ಹೇಳೋದನ್ನ ಅವನಿಗೆ ಗೊತ್ತಿರೋದ್ರಿಂದ್ಲೇ ಶುರು ಮಾಡಿ. ಕುಕ್ಕರ್ ಕೂಗಿದ್ರೆ ಕಿವಿ ಮುಚ್ಕೊಳ್ತಾನಾ, ಅಂಗಿ ಲೇಬಲ್ ಚುಚ್ಚತ್ತೆ ಅಂತ ಕತ್ತರಿಸ್ಬೇಕಾ, ಬೆಂಗಳೂರು ರೈಲಿನ ಸ್ಟೇಷನ್ನೆಲ್ಲಾ ಬಾಯಿಪಾಠನಾ, ಅದನ್ನೇ ಎತ್ಕೊಂಡು "ನಿನ್ನ ಮೆದುಳು ಕೆಲಸ ಮಾಡೋ ರೀತಿ ಇದು, ಇದಕ್ಕೊಂದು ಹೆಸರಿದೆ" ಅನ್ನಿ. ಎದುರು ಕೂರಿಸ್ಕೊಂಡು ಮುಖ ನೋಡು ಅನ್ಬೇಡಿ, ಇಬ್ರೂ ಅವರೆಕಾಯಿ ಬಿಡಿಸ್ತಾ ಮಾತಾಡಿದ್ರೆ ವಾಸಿ. ಎರಡೇ ನಿಮಿಷ ಹೇಳಿ ಬಿಡಿ, ನಾಳೆ ಅದೇ ಪ್ರಶ್ನೆ ಹತ್ತು ಸಲ ಕೇಳ್ತಾನೆ, ಹತ್ತು ಸಲಾನೂ ಅದೇ ಮಾತಲ್ಲಿ ಉತ್ತರ ಕೊಡಿ. ಆಟಿಸಂ ವಾಸಿಯಾಗಿ ಹೋಗತ್ತಾ ಅಂತ ಅವನು ಕೇಳಿದ್ರೆ ಇಲ್ಲ ಅಂತ್ಲೇ ಹೇಳಿ, ಕಷ್ಟ ಆಗೋದನ್ನ ನಿಧಾನಕ್ಕೆ ಕಲೀಬೋದು ಅಂತಾನೂ ಸೇರಿಸಿ. ಜ್ವರದ ಥರ ಅಂಟೋದಲ್ಲ, ಯಾರ ತಪ್ಪೂ ಅಲ್ಲ ಅನ್ನೋದು ಮರೀಬೇಡಿ. ಸೂಪರ್ ಪವರ್ ಅಂತೆಲ್ಲಾ ಬಣ್ಣ ಹಚ್ಚೋದು ನಂಗಿಷ್ಟ ಇಲ್ಲ, ಸ್ಕೂಲ್ ಡೇ ಮೈಕಿನ ಸದ್ದಿಗೆ ಅಳು ಬಂದಾಗ ಆ ಮಗು ಏನಂದ್ಕೋಬೇಕು?

ಅತ್ತೆಗೆ ಒಬ್ರೇ ಇದ್ದಾಗ ಹೇಳಿ, "ಸರಿಹೋಗ್ತಾನೆ" ಅಂದಾಗೆಲ್ಲ "ಈಗ ನೀನು ಸರಿ ಇಲ್ಲ" ಅಂತ ಅವನಿಗೆ ಕೇಳ್ಸತ್ತೆ. ನಿಮಗೇ ಧೈರ್ಯ ಸಾಲ್ದಿದ್ರೆ ಅವನ ಥೆರಪಿಸ್ಟನ್ನೋ, ಮೈಸೂರಿನ ವಾಕ್ ಶ್ರವಣ ಸಂಸ್ಥೆಯವರನ್ನೋ ಒಂದ್ಸಲ ಕೇಳಿ. ಹಾಗೇ ಕ್ಲಾಸ್ ಟೀಚರ್‌ಗೆ ಮುಂಚೆನೇ ಒಂದ್ಮಾತು ಹಾಕಿಡಿ, ಕವರ್ ಹರಿದು ಓದೋ ಹುಡುಗ, ಸೋಮವಾರ ಕಾರ್ಡ್ ಹಿಡ್ಕೊಂಡು ಕ್ಲಾಸಿಗೇ ಹೋದ್ರೂ ಹೋದಾನು.